ಒಂದು ದೇಶ ಯಾಕೆ ಮುಂದೆ ಬಂತು ಅಂತ ತಿಳಿಯುವುದು ಹೇಗೆ?

"ಅಲ್ಲಿನ ಜನ ಕಷ್ಟಜೀವಿಗಳು, ಅದಕ್ಕೇ ಮುಂದೆ ಬಂದರು" ಅಂತ ಸುಮ್ನೆ ಹೇಳಿಬಿಡಬೇಡಿ. ಮೊದಲು ಸಂಸ್ಕೃತಿ ಒಂದೇ ಇದ್ದು ಆಡಳಿತ ಮಾತ್ರ ಬೇರೆಯಾದ ಜಾಗ ಹುಡುಕಿ. ಕೊರಿಯಾ 1945ರಲ್ಲಿ ಎರಡು ಭಾಗವಾಯಿತು. ಭಾಷೆ ಒಂದೇ, ಹಿರಿಯರು ಒಂದೇ, ಆದರೂ ಇವತ್ತು ದಕ್ಷಿಣದವರ ತಲಾ ಆದಾಯ ಉತ್ತರದವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಆಮೇಲೆ ಇದನ್ನು ಕೇಳಿ: ರೈತನೊಬ್ಬ ಸಾಲ ಮಾಡಿ ಬಾವಿ ತೋಡಿಸಿದರೆ, ನಾಳೆ ಆ ಜಮೀನು ಅವನ ಕೈಯಲ್ಲೇ ಇರುತ್ತದೆ ಅನ್ನುವ ಧೈರ್ಯ ಇದೆಯಾ? ಯಾರಾದರೂ ಕಿತ್ತುಕೊಂಡರೆ ಕೋರ್ಟಿನಲ್ಲಿ ನ್ಯಾಯ ಸಿಗುತ್ತದಾ? ಇಲ್ಲ ಅಂದರೆ ಅವನು ಬಾವಿಯನ್ನೇ ತೋಡಿಸುವುದಿಲ್ಲ. ಅದು ಸೋಮಾರಿತನ ಅಲ್ಲ, ಅಲ್ವಾ?

ಹಾಗಂತ ಸಂಸ್ಕೃತಿಯನ್ನು ಪೂರ್ತಿ ಬಿಡಬೇಡಿ. ಗುರುತಿಲ್ಲದವರನ್ನು ಜನ ಎಷ್ಟು ನಂಬುತ್ತಾರೆ ನೋಡಿ. ನಂಬಿಕೆ ಕಡಿಮೆ ಇದ್ದಲ್ಲಿ ವ್ಯಾಪಾರ ನೆಂಟರಿಷ್ಟರ ನಡುವೆಯೇ ಸುತ್ತುತ್ತದೆ, ದೊಡ್ಡದಾಗಿ ಬೆಳೆಯುವುದಿಲ್ಲ.