ಠರಾವು ಪುಸ್ತಕ ಕಲಿಸಿದ ರಾಜಕೀಯ

2015ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡು ಮಹಿಳಾ ಮೀಸಲಾಯಿತು. ಊರಿನವರು ನನ್ನನ್ನು ನಿಲ್ಲಿಸಿದರು, ಗೆದ್ದೆ. ಮೊದಲ ಮೂರ್ನಾಲ್ಕು ಸಭೆಗಳಲ್ಲಿ ಸುಮ್ನೆ ಕೂತು, ತೋರಿಸಿದ ಕಡೆ ಸಹಿ ಹಾಕಿ ಬಂದೆ.

ಆಮೇಲೆ ತರಬೇತಿ ಬಂತು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿದೆ. ಯಾರಿವರು ಎಂದು ಅಪ್ಪನನ್ನು ಕೇಳಿದೆ. "ನೀರ್ ಸಾಬ್ ಅಲ್ವಾ! ನಮ್ಮ ಗುಂಡ್ಲುಪೇಟೆಯವರೇ" ಎಂದರು. ಪುರಸಭೆಯಿಂದ ಶುರು ಮಾಡಿ 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾದವರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಇಟ್ಟ ಹೆಸರು ಅದು. ಮೇಲೆ ಹೋದವರು ಅಧಿಕಾರವನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದೇ ಜಾಸ್ತಿ. ನಜೀರ್ ಸಾಬ್ ಕೆಳಕ್ಕೆ ಬಿಟ್ಟುಕೊಟ್ಟರು. ಅವರು ತಂದ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನ ಹೆಂಗಸರಿಗೆ! ಪಂಚಾಯಿತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಆಗ ಇನ್ನೂ ಬಂದಿರಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಇನ್ನಷ್ಟು ವರ್ಷ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ತರಬೇತಿ ಮುಗಿಸಿ ಬಂದವಳೇ ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋದೆ. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನೀರು, ಮನೆಗೆ ಎಷ್ಟು ಬಿಂದಿಗೆ, ಎಲ್ಲ ಬರೆದುಕೊಂಡೆ. ವಾರ್ಡ್ ಸಭೆಯಲ್ಲಿ ಅದನ್ನು ಓದಿದೆ. ಪಂಚಾಯಿತಿ ಸಭೆಯಲ್ಲಿ ಠರಾವು ಬರೆಸುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಬಾಯಿಮಾತಲ್ಲಿ ಕೇಳಿದರೆ "ಆಯ್ತಮ್ಮ, ನೋಡೋಣ" ಅನ್ನುತ್ತಾರೆ. ಪುಸ್ತಕದಲ್ಲಿ ಠರಾವಿನ ನಂಬರ್ ಬಿದ್ದ ಮೇಲೆ ಹಾಗೆ ಅನ್ನುವುದು ಕಷ್ಟ. ಮೇಲಿನ ಬೀದಿಗೆ ಪೈಪ್ ಬರಲು 14 ತಿಂಗಳು ಹಿಡಿಯಿತು. ಅಷ್ಟೂ ತಿಂಗಳು ಪ್ರತಿ ಸಭೆಯಲ್ಲಿ ಎದ್ದು ನಿಂತು ಅದೇ ನಂಬರ್ ಹೇಳಿದೆ.

2020ರಲ್ಲಿ ಸಾಮಾನ್ಯ ಸ್ಥಾನದಿಂದ ನಿಂತು ಮತ್ತೆ ಗೆದ್ದೆ.

ಮರುವರ್ಷ ಡಿಸೆಂಬರಿನಲ್ಲಿ ವಿಧಾನ ಪರಿಷತ್ ಚುನಾವಣೆ ಬಂತು. ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪಾಲಿನವು. ಅವಕ್ಕೆ ಓಟು ಹಾಕುವವರಲ್ಲಿ ನಮ್ಮಂಥ ಪಂಚಾಯಿತಿ ಸದಸ್ಯರೇ ಜಾಸ್ತಿ. ವಿಧಾನಸೌಧಕ್ಕೆ ಹೋಗುವವರು ನಮ್ಮ ಜಗಲಿಗೂ ಬಂದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: "ನೀವು ವಾರ್ಡ್ ಸಭೆಯಲ್ಲಿ ಪೂರ್ತಿ ಕೂತಿದ್ದೀರಾ?" ಒಬ್ಬರು ಉತ್ತರ ಹೇಳದೆ ನನ್ನ ನೋಟ್‌ಬುಕ್ ಕೇಳಿ ಇಸ್ಕೊಂಡರು. ಅಲ್ಲೇ ಕೂತು ಅರ್ಧ ಗಂಟೆ ಓದಿದರು, ಎರಡು ಬೀದಿಯ ಹೆಸರು ಬರೆದುಕೊಂಡರು.

ಮತಪತ್ರದಲ್ಲಿ ಅವರ ಹೆಸರಿನ ಮುಂದೆ, ನನ್ನ ಮೊದಲ ಆಯ್ಕೆಯಾಗಿ, 1 ಎಂದು ಬರೆದೆ.