ಎಲ್‌ಎಲ್‌ ಅರ್ಜಿಗೆ ಮುಂಚೆ ಆಧಾರ್ ಸರಿಯಿದೆಯೇ ನೋಡಿ

ಬೆಂಗಳೂರಿನಲ್ಲಿ ಎಲ್‌ಎಲ್‌, ಅಂದರೆ ಕಲಿಕಾ ಲೈಸೆನ್ಸ್‌, ಮಾಡಿಸಹೊರಟವರು ಹೆಚ್ಚಾಗಿ ಎಡವುವುದು ಪರೀಕ್ಷೆಯಲ್ಲಲ್ಲ, ಅರ್ಜಿ ತುಂಬುವಾಗ. ಅಲ್ಲಿ ಬಿದ್ದ ತಪ್ಪು ಡಿಎಲ್ ಕಾರ್ಡಿನವರೆಗೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಆ ಹಂತವನ್ನೇ ಇಲ್ಲಿ ಬಿಡಿಸಿ ಹೇಳಿದೆ.

ಮೊದಲು ವಯಸ್ಸು. ಗೇರ್ ಬೈಕಿಗೂ ಕಾರಿಗೂ 18 ತುಂಬಿರಬೇಕು. 16ಕ್ಕೇ ಸಿಗುವುದು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ, ಅದೂ ಪೋಷಕರ ಒಪ್ಪಿಗೆಯೊಂದಿಗೆ. ಈಗ ಶೋರೂಮಿನಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರ್‌ಗಳು 50 ಸಿಸಿ ಮೀರಿದವು. ಪಿಯುಸಿ ಓದುವ ಮಗನಿಗೆ ಅಂಥ ಸ್ಕೂಟರ್ ಕೊಡಿಸಿ ಎಲ್‌ಎಲ್‌ ಮಾಡಿಸುತ್ತೇವೆ ಎನ್ನುವವರು 18 ಆಗುವವರೆಗೆ ಕಾಯಲೇಬೇಕು.

ಅರ್ಜಿ ಹಾಕುವುದು ಕೇಂದ್ರದ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ. ಹುಡುಕಿದಾಗ ಅದೇ ಬಣ್ಣ, ಅದೇ ಲಾಂಛನದ ಖಾಸಗಿ ತಾಣಗಳೂ ಬರಬಹುದು. ವಿಳಾಸ ಗವ್ ಡಾಟ್ ಇನ್ ಎಂದು ಮುಗಿಯದಿದ್ದರೆ ಅಲ್ಲಿ ಹಣ ಕಟ್ಟಬೇಡಿ. ರಾಜ್ಯ ಕರ್ನಾಟಕ ಎಂದು ಆರಿಸಿ ಕಲಿಕಾ ಲೈಸೆನ್ಸಿನ ಅರ್ಜಿ ತೆರೆಯಿರಿ.

ಕಷ್ಟ ಶುರುವಾಗುವುದು ಇಲ್ಲಿಂದ. ಆಧಾರ್ ಮೂಲಕ ಹೋಗುತ್ತೀರೋ, ಆಧಾರ್ ಇಲ್ಲದೆಯೋ ಎಂದು ಕೇಳುತ್ತದೆ. ಆಧಾರ್ ದಾರಿ ಹಿಡಿದರೆ ಮನೆಯಲ್ಲೇ ಪರೀಕ್ಷೆ ಬರೆಯಬಹುದು. ಇಲ್ಲದಿದ್ದರೆ ಸ್ಲಾಟ್ ಹಿಡಿದು, ದಾಖಲೆಗಳ ಅಸಲು ಪ್ರತಿ ಹೊತ್ತು ಆರ್‌ಟಿಒಗೆ ಹೋಗಬೇಕು. ಆಧಾರ್ ದಾರಿಯೇ ಒಳ್ಳೆಯದು, ಆದರೆ ಒಂದು ಷರತ್ತು: ಹೆಸರು, ಹುಟ್ಟಿದ ದಿನಾಂಕ, ವಿಳಾಸ ಎಲ್ಲವೂ ಆಧಾರಿನಿಂದ ನೇರವಾಗಿ ಬಂದು ಕೂರುತ್ತವೆ. ಆಧಾರಿನಲ್ಲಿ ಬರೀ ‘ಮಂಜುನಾಥ ಬಿ’, ಅಂಕಪಟ್ಟಿಯಲ್ಲಿ ‘ಮಂಜುನಾಥ ಬಸಪ್ಪ’ ಎಂದಿದ್ದರೆ ಲೈಸೆನ್ಸಿನಲ್ಲೂ ‘ಮಂಜುನಾಥ ಬಿ’ ಎಂದೇ ಬರುತ್ತದೆ. ಮುಂದೆ ಪಾಸ್‌ಪೋರ್ಟಿಗೋ ಗಾಡಿಯ ವಿಮೆಗೋ ಹೆಸರು ಹೊಂದದೆ ಒದ್ದಾಟ. ಊರು ಕಲಬುರಗಿ, ಬಾಡಿಗೆ ಮನೆ ಮಾರತ್ತಹಳ್ಳಿ ಎನ್ನುವವರ ಪಾಡೂ ಇದೇ. ಇವರೆಲ್ಲರಿಗೂ ಒಂದೇ ಮಾತು: ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಬೆಂಗಳೂರು ಒನ್ ಕೇಂದ್ರಗಳಲ್ಲೂ ಈ ಕೆಲಸ ಆಗುತ್ತದೆ.

ಮೊಬೈಲ್ ನಂಬರ್ ನಿಮ್ಮದೇ ಇರಲಿ. ಸೈಬರ್ ಸೆಂಟರಿನವರೋ ಡ್ರೈವಿಂಗ್ ಸ್ಕೂಲಿನವರೋ ಅವಸರಕ್ಕೆ ತಮ್ಮ ನಂಬರ್ ಹಾಕಿಬಿಡುವುದುಂಟು. ಒಟಿಪಿ, ಅರ್ಜಿ ಸಂಖ್ಯೆ, ಪರೀಕ್ಷೆಯ ಪಾಸ್‌ವರ್ಡ್ ಎಲ್ಲ ಆ ನಂಬರಿಗೇ ಹೋಗುತ್ತವೆ. ಆಮೇಲೆ ಪ್ರತಿ ಹೆಜ್ಜೆಗೂ ಅವರ ಬಾಗಿಲು ಕಾಯಬೇಕು.

ಆರ್‌ಟಿಒ ಆರಿಸುವಾಗ ಪಿನ್‌ಕೋಡ್ ನೋಡಿ, ಪಕ್ಕದ ಮನೆಯವರ ಮಾತಲ್ಲ. ಜಯನಗರ ಕೆಎ 05, ರಾಜಾಜಿನಗರ ಕೆಎ 02, ಯಲಹಂಕ ಕೆಎ 50, ಕೆ.ಆರ್. ಪುರ ಕೆಎ 53, ಹೀಗೆ ಒಂದೊಂದಕ್ಕೂ ಅದರದೇ ವ್ಯಾಪ್ತಿಯಿದೆ.

ಗಾಡಿಯ ವರ್ಗದಲ್ಲೂ ಜನ ಆತುರಪಡುತ್ತಾರೆ. ಗೇರಿಲ್ಲದ ದ್ವಿಚಕ್ರ ಒಂದನ್ನೇ ಆರಿಸಿದರೆ ಗೇರ್ ಬೈಕ್ ಓಡಿಸುವಂತಿಲ್ಲ. ಗೇರ್ ಇರುವುದನ್ನು ಆರಿಸಿದರೆ ಡಿಎಲ್ ಪರೀಕ್ಷೆಗೆ ಗೇರ್ ಬೈಕನ್ನೇ ಒಯ್ಯಬೇಕು. ಆರು ತಿಂಗಳೊಳಗೆ ಕಾರು ಕಲಿಯುವ ಯೋಚನೆ ಇದ್ದರೆ ಲಘು ವಾಹನವನ್ನೂ ಈಗಲೇ ಸೇರಿಸಿ. ಬಿಟ್ಟರೆ ಆ ವರ್ಗಕ್ಕೆ ಮತ್ತೆ ಹೊಸ ಎಲ್‌ಎಲ್‌, ಮತ್ತೆ ಅದೇ ಓಡಾಟ. ಶುಲ್ಕ ವರ್ಗವೊಂದಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಹಣ ಕಡಿತವಾಗಿ ರಸೀದಿ ಬರದಿದ್ದರೆ ಇನ್ನೊಮ್ಮೆ ಕಟ್ಟಲು ಹೋಗಬೇಡಿ. ಅದೇ ತಾಣದಲ್ಲಿ ಪಾವತಿಯ ಸ್ಥಿತಿ ಪರಿಶೀಲಿಸುವ ಆಯ್ಕೆ ಇದೆ, ಮೊದಲು ಅದನ್ನು ಒತ್ತಿ ನೋಡಿ.

ದೈಹಿಕ ಕ್ಷಮತೆಯ ಘೋಷಣೆ ಫಾರಂ 1ರಲ್ಲಿ. ವಯಸ್ಸು 40 ದಾಟಿದ್ದರೆ ವೈದ್ಯರ ಸಹಿಯಿರುವ ಫಾರಂ 1ಎ ಬೇಕು. ಸಹಿಯನ್ನು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಮಾಡಿ, ಸುತ್ತಲಿನ ಖಾಲಿ ಜಾಗ ಕತ್ತರಿಸಿ, 10ರಿಂದ 20 ಕೆಬಿ ಒಳಗೆ ತನ್ನಿ. ನೀಲಿ ಗೆರೆಯ ನೋಟ್‌ಬುಕ್ ಹಾಳೆ ಬೇಡ.

ಪರೀಕ್ಷೆಗೆ ಮುನ್ನ ರಸ್ತೆ ಸುರಕ್ಷತೆಯ ವಿಡಿಯೊ ಪೂರ್ತಿ ನೋಡಬೇಕು. ಮನೆಯಿಂದ ಬರೆಯುವವರು ಕ್ಯಾಮೆರಾ ಚೆನ್ನಾಗಿರುವ ಲ್ಯಾಪ್‌ಟಾಪ್ ಹಿಡಿದು, ಮುಖದ ಮೇಲೆ ಬೆಳಕು ಬೀಳುವಂತೆ ಒಬ್ಬರೇ ಕೂರಿ. ಹಿಂದಿನಿಂದ ಯಾರೂ ಇಣುಕಬಾರದು. ಪಾಸಾಗಲು ಶೇ 60 ಉತ್ತರ ಸರಿಯಿರಬೇಕು, ಪ್ರಶ್ನೆಗೆ ಇಂತಿಷ್ಟೇ ಸೆಕೆಂಡು. ಫೇಲಾದರೆ 50 ರೂಪಾಯಿ ಕಟ್ಟಿ ಮತ್ತೆ ಬರೆಯಬಹುದು. ನಾನೇ ಪಾಸ್ ಮಾಡಿಸುತ್ತೇನೆ ಎನ್ನುವ ಏಜೆಂಟರಿಗೆ ಸಾವಿರಗಟ್ಟಲೆ ಸುರಿಯುವುದು ಶುದ್ಧ ದಂಡ.

ಓದಬೇಕಾದ್ದು ಮುಖ್ಯವಾಗಿ ಚಿಹ್ನೆಗಳು. ಆಕಾರದಿಂದ ಶುರು ಮಾಡಿ: ವೃತ್ತ ಎಂದರೆ ಆಜ್ಞೆ, ತ್ರಿಕೋನ ಎಂದರೆ ಎಚ್ಚರಿಕೆ, ನೀಲಿ ಚೌಕ ಎಂದರೆ ಮಾಹಿತಿ. ತಲೆಕೆಳಗಾದ ತ್ರಿಕೋನ ಮಾತ್ರ ‘ದಾರಿ ಬಿಡಿ’ ಎಂಬ ಆಜ್ಞೆ. ಅಷ್ಟಕೋನ ಎಂದರೆ ‘ನಿಲ್ಲಿ’. ಬಹಳ ಜನ ಜಾರುವ ಜಾಗ ಪಾರ್ಕಿಂಗ್ ಚಿಹ್ನೆ: ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆ ಹಾಯ್ದು ಗುಣಿಸು ಚಿಹ್ನೆಯಂತಿದ್ದರೆ ಕ್ಷಣ ನಿಲ್ಲಿಸುವಂತೆಯೂ ಇಲ್ಲ. ಮೊಬೈಲ್ ಆಪ್‌ಗಳಲ್ಲಿ ತಪ್ಪು ಉತ್ತರಗಳೂ ಇರುತ್ತವೆ, ಸಾರಥಿ ತಾಣದ ಅಣಕು ಪರೀಕ್ಷೆಯನ್ನೇ ನಂಬಿ. ಅಭ್ಯಾಸ ಕನ್ನಡದಲ್ಲಿ ಮಾಡಿದ್ದರೆ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಿರಿ.

ಪಾಸಾದ ಮೇಲೆ ಎಲ್‌ಎಲ್‌ ಡೌನ್‌ಲೋಡ್ ಮಾಡಿಕೊಂಡು ಮುದ್ರಿಸಿ. ಗಾಡಿಯ ಮುಂದೂ ಹಿಂದೂ ಬಿಳಿ ಫಲಕದ ಮೇಲೆ ಕೆಂಪು ‘ಎಲ್’ ಇರಬೇಕು. ಫಲಕ ಕನಿಷ್ಠ 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ. ಅಂಗಡಿಯ ಅಂಗೈಯಗಲದ ಸ್ಟಿಕ್ಕರ್ ಈ ಅಳತೆಗೆ ಬರುವುದಿಲ್ಲ. ಕಾರಿನಲ್ಲಿ ಡಿಎಲ್ ಇರುವವರು ಪಕ್ಕದಲ್ಲೇ ಕೂರಬೇಕು. ಬೈಕಿನ ಹಿಂದೆ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ.

ಎಲ್‌ಎಲ್‌ ಆರು ತಿಂಗಳಿಗೆ. 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಸ್ಲಾಟ್ ಹಿಡಿಯಬಹುದು. ಐದನೇ ತಿಂಗಳವರೆಗೆ ಎಳೆದರೆ ಬೇಕಾದ ದಿನ ಸಿಗದೆ ಅವಧಿಯೇ ಮುಗಿದೀತು. ಎರಡನೇ ತಿಂಗಳಲ್ಲೇ ದಿನ ಗೊತ್ತುಮಾಡಿಕೊಳ್ಳಿ. ಒಯ್ಯುವ ಗಾಡಿಯ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಸರ್ಟಿಫಿಕೇಟು ಚಾಲ್ತಿಯಲ್ಲಿವೆಯೇ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.