ಮೇಷ್ಟ್ರು ಸುಮ್ಮನೆ ಕಾಯುತ್ತಿದ್ದರು

ಐದನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಒಂದು ದಿನ ನನ್ನನ್ನು ಎಬ್ಬಿಸಿ ಕೇಳಿದರು: ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದು ದೊಡ್ಡದೋ? "ನಾಲ್ಕನೇ ಒಂದು" ಅಂದೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ! ಹಿಂದಿನ ಬೆಂಚಿನವರು ನಕ್ಕರು. ಮೇಷ್ಟ್ರು ತಪ್ಪು ಅನ್ನಲಿಲ್ಲ. "ಯಾಕೆ ಹಾಗನ್ನಿಸಿತು, ಹೇಳು" ಅಂದು ಸುಮ್ಮನೆ ನಿಂತರು. ನಗುತ್ತಿದ್ದವರ ಕಡೆ ತಿರುಗಲೂ ಇಲ್ಲ. ಹೇಳಲು ಹೊರಟಾಗಲೇ ನನಗೆ ಹೊಳೆಯಿತು. "ಸರ್, ಜಾಸ್ತಿ ಭಾಗ ಮಾಡಿದರೆ ಒಂದೊಂದು ತುಂಡೂ ಚಿಕ್ಕದಾಗುತ್ತೆ." ನಾನೂ ಮೇಷ್ಟ್ರಾಗಬೇಕು ಅನ್ನಿಸಿದ್ದು ಅವತ್ತು.

ಮುಂದೆ ನಾನೇ ಪಾಠಕ್ಕೆ ನಿಂತಾಗ ಅವರ ಹಾಗೇ ದುಂಡಗೆ ಬೋರ್ಡ್ ಬರೆದೆ, ಅವರ ಹಾಗೇ ದನಿ ಎತ್ತಿ ಮಾತಾಡಿದೆ. ಆದರೂ ಕ್ಲಾಸು ಮೌನ. ಮಕ್ಕಳಿಂದ ಒಂದೊಂದು ಪದದ ಉತ್ತರ ಬರುತ್ತಿತ್ತು, ಅಷ್ಟೇ. ತುಂಬಾ ನೊಂದುಕೊಂಡೆ.

ಆಗ ಡ್ಯಾನ್ ಲಾರ್ಟಿ ಎಂಬ ಸಮಾಜಶಾಸ್ತ್ರಜ್ಞರ ಮಾತು ಓದಿದೆ. ಶಾಲೆ ಮುಗಿಸುವಷ್ಟರಲ್ಲಿ ನಾವು ಸುಮಾರು 13,000 ಗಂಟೆ ಟೀಚರ್‌ಗಳ ಜೊತೆ ಕಳೆದಿರುತ್ತೇವೆ ಎಂದು ಅವರು 1975ರಲ್ಲೇ ಲೆಕ್ಕ ಹಾಕಿದ್ದರು. ಆದರೆ ನಾವು ನೋಡುವುದೆಲ್ಲ ಬೆಂಚಿನ ಮೇಲೆ ಕೂತು. ಒಂದು ಪ್ರಶ್ನೆಯನ್ನು ಟೀಚರ್ ಯಾಕೆ ಕೇಳಿದರು, ಅದರ ಹಿಂದಿನ ತಯಾರಿ ಏನು, ಅದು ಅಲ್ಲಿಂದ ಕಾಣುವುದಿಲ್ಲ. ನಾನು ಕಣ್ಣಿಗೆ ಕಂಡಷ್ಟನ್ನೇ ನಕಲು ಮಾಡಿದ್ದೆ.

ಹಾಗಾಗಿ ಒಂದು ದಿನ ನನ್ನ ಪಾಠವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಪ್ರಶ್ನೆ ಕೇಳುತ್ತೇನೆ, ಮಗು ಉಸಿರು ತೆಗೆದುಕೊಳ್ಳುವ ಮೊದಲೇ ಉತ್ತರವನ್ನೂ ನಾನೇ ಹೇಳುತ್ತೇನೆ! ಇದು ನನ್ನೊಬ್ಬನ ಕಥೆಯಲ್ಲ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ರೆಕಾರ್ಡಿಂಗ್ ಕೇಳಿದಾಗ, ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯೇ ಬಿಡದ ಮಕ್ಕಳೂ ಮಾತಾಡಿದರು.

ಮನಸ್ಸಿನಲ್ಲೇ ಮೂರರವರೆಗೆ ಎಣಿಸಲು ಶುರು ಮಾಡಿದೆ. ಮೊದಮೊದಲು ಆ ಮೂರು ಸೆಕೆಂಡು ಮೂರು ನಿಮಿಷದಂತೆ ಇರುತ್ತಿತ್ತು. ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಉತ್ತರ ಬಂದ ಮೇಲೂ ತಕ್ಷಣ "ಸರಿ" ಅನ್ನದೆ ಇನ್ನೊಂದು ಸಲ ಕಾಯಬೇಕು. ನನಗೆ ಜಾಸ್ತಿ ಕಷ್ಟವಾದದ್ದು ಇದೇ. ಹಿಂದಿನ ರಾತ್ರಿಯೇ ನಾಳೆಯ ಎರಡು ಮೂರು ಪ್ರಶ್ನೆ ಬರೆದು, ಮಕ್ಕಳು ಏನೇನು ತಪ್ಪು ಉತ್ತರ ಕೊಡಬಹುದು ಅಂತಲೂ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಉತ್ತರ ತಪ್ಪಾದಾಗ ಗಾಬರಿಯಾಗದೆ ಕಾಯಲು ಈ ತಯಾರಿ ಬೇಕು. ನಮ್ಮ ಮೇಷ್ಟ್ರೂ ಹೀಗೇ ಕೂತು ಬರೆಯುತ್ತಿದ್ದರೇನೋ.

ಕಾಲಿಗೆ ಕಾಲು, ಅಂದರೆ 1/4ಕ್ಕೆ 1/4 ಕೂಡಿಸಿ ಅಂದಿದ್ದೆ ಒಂದು ದಿನ. ಯಾವತ್ತೂ ಮಾತಾಡದ ಹುಡುಗನೊಬ್ಬ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/8 ಎಂದು ಬರೆದ. "ಹೇಗೆ ಬಂತು, ಹೇಳು" ಅಂದೆ. ಕಾದೆ. ಬೋರ್ಡನ್ನೇ ನೋಡುತ್ತಾ ನಿಂತವನು ಮೆಲ್ಲಗೆ ಅಂದ: "ಸರ್, 2/8 ಅಂದ್ರೂ ಕಾಲೇ ಅಲ್ವಾ? ಹಾಗಾದ್ರೆ ನಾನು ಕೂಡಿಸಿದ್ದು ಎಲ್ಲಿ ಹೋಯ್ತು?"